ಆಗುಂಬೆಯ ಮಳೆಯಲ್ಲಿ ಮುಷ್ಕರ ಹೂಡಿದ ಕಾರು

ತೀರ್ಥಹಳ್ಳಿಯಿಂದ ಉಡುಪಿಯ ಕಡೆಗೆ ಹೊರಟರೆ ಸುಮಾರು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಆಗುಂಬೆ ಸಿಗುತ್ತದೆ. ಊರು ದೊಡ್ಡದೇನಲ್ಲ. ಒಂದು ಬಸ್ ನಿಲ್ದಾಣ, ನಾಲ್ಕಾರು ಅಂಗಡಿ, ಕಾಫಿ ಕುಡಿಯಲು ಒಂದೆರಡು ಹೋಟೆಲು, ದಪ್ಪ ಮರದ ಕಂಬಗಳ ಹಳೆಯ ಹೆಂಚಿನ ಮನೆಗಳು. ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವ ಈ ಊರು ದಾಟಿದ ಸ್ವಲ್ಪ ಹೊತ್ತಿಗೇ ಮಲೆನಾಡು ಮುಗಿಯುತ್ತದೆ. ಅಲ್ಲಿಂದ ರಸ್ತೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹಾವಿನಂತೆ ಸುತ್ತಿಕೊಂಡು ಸೋಮೇಶ್ವರಕ್ಕೆ ಇಳಿಯುತ್ತದೆ. ಮುಂದೆ ಹೆಬ್ರಿ, ಆಮೇಲೆ ಉಡುಪಿ, ಆಮೇಲೆ ಕಡಲು.

ಅಜ್ಜ ಅಜ್ಜಿಯರಿಗೆ ಈ ಊರು ಇನ್ನೊಂದು ಕಾರಣಕ್ಕೂ ನೆನಪಿರಬಹುದು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ ದೂರದರ್ಶನಕ್ಕೆ ತಂದಾಗ ಆ ಕಲ್ಪನೆಯ ಮಾಲ್ಗುಡಿ ಊರಾಗಿ ನಿಂತದ್ದು ಇದೇ ಆಗುಂಬೆ. 1980ರ ದಶಕದಲ್ಲಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಆ ಧಾರಾವಾಹಿ ನೋಡಿದವರಿಗೆ ಇಲ್ಲಿನ ಬೀದಿ, ಜಗಲಿ, ಮರದ ಕಂಬಗಳೆಲ್ಲ ಎಲ್ಲೋ ನೋಡಿದ ಹಾಗೆ ಕಾಣುತ್ತವೆ.

ಮಕ್ಕಳು ಭೂಗೋಳದ ಪಾಠದಲ್ಲಿ ಆಗುಂಬೆಯ ಹೆಸರು ಓದಿರುತ್ತೀರಿ. ಇಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 7,600 ಮಿಲಿಮೀಟರ್. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು ಹೆಚ್ಚುಕಡಿಮೆ ಸಾವಿರ ಮಿಲಿಮೀಟರ್. ಆಗುಂಬೆಯ ಒಂದು ಅಂಗಳಕ್ಕೆ ಗೋಡೆ ಕಟ್ಟಿ ವರ್ಷದ ಮಳೆಯನ್ನೆಲ್ಲ ಹರಿಯಗೊಡದೆ ನಿಲ್ಲಿಸಿದರೆ ಎರಡು ಅಂತಸ್ತಿನ ಮನೆ ಮುಳುಗಿಬಿಡುತ್ತದೆ! ಅರಬ್ಬಿ ಸಮುದ್ರದಿಂದ ನೀರಿನ ಆವಿ ಹೊತ್ತು ಬರುವ ಗಾಳಿಗೆ ಇಲ್ಲಿ ಘಟ್ಟ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಆವಿ ಮಳೆಯಾಗುತ್ತದೆ. ಕಾಳಿಂಗ ಸರ್ಪಕ್ಕೂ ಸಿಂಗಳೀಕಕ್ಕೂ ಮನೆಯಾದ ಇಲ್ಲಿನ ದಟ್ಟ ಕಾಡನ್ನು ಸಾಕುತ್ತಿರುವುದು ಈ ಮಳೆಯೇ.

ಜುಲೈ ತಿಂಗಳಲ್ಲಿ ಇಲ್ಲಿ ಒಣಗಿದ್ದು ಎಂಬ ಪದಾರ್ಥವೇ ಇರುವುದಿಲ್ಲ. ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಗೀಚಿದರೆ ತಲೆ ಉದುರುತ್ತದೆ. ಬಟ್ಟೆಗಳನ್ನು ಒಲೆಯ ಮೇಲಿನ ಬಿಸಿಯಲ್ಲಿ ಹರಡಿಯೇ ಒಣಗಿಸಬೇಕು. ಮನುಷ್ಯರ ಪಾಡೇ ಹೀಗಿರುವಾಗ ಅಂಗಳದಲ್ಲಿ ನಿಂತ ವಾಹನಗಳ ಪಾಡು ಕೇಳಬೇಕೆ?

ಏಳೂವರೆಯ ಮೌನ

ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಈ ದಾರಿಯಲ್ಲಿ ಹೊರಟಿದ್ದೆವು. ಎಪ್ಪತ್ತನಾಲ್ಕು ವರ್ಷದ ನನ್ನ ಅಕ್ಕ, ಏಳನೇ ತರಗತಿಯ ನನ್ನ ಮೊಮ್ಮಗಳು, ಕಾರು ಓಡಿಸುವ ನನ್ನ ತಂಗಿಯ ಮಗ, ಮತ್ತು ನಾನು. ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಬೆಳಿಗ್ಗೆ ಹನ್ನೊಂದರ ಒಳಗೆ ಅಲ್ಲಿರಬೇಕು. ತಪ್ಪಿದರೆ ಮತ್ತೆ ಒಂದು ತಿಂಗಳು ಕಾಯಬೇಕು. ಅಷ್ಟರಲ್ಲಾಗಲೇ ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟಿದ್ದಳು. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವುತ್ತಿದ್ದಳು. ಒಂದು ತಿಂಗಳೆಂದರೆ ಅವಳಿಗೆ ಸಣ್ಣದಾಗಿರಲಿಲ್ಲ.

ಬೆಳಗಿನ ಹೊತ್ತು ಘಟ್ಟದ ದಾರಿ ಅವಸರವಾಗಬಾರದೆಂದು ಹಿಂದಿನ ಸಂಜೆಯೇ ಬಂದು ಆಗುಂಬೆಯ ನೆಂಟರ ಮನೆಯಲ್ಲಿ ಉಳಿದೆವು. ರಾತ್ರಿಯಿಡೀ ಹೆಂಚಿನ ಮೇಲೆ ಮಳೆ. ಬೆಳಿಗ್ಗೆ ಏಳೂವರೆಗೆ ಅಕ್ಕನನ್ನು ಕೊಡೆಯಡಿ ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಹುಡುಗ ಕೀಲಿ ತಿರುಗಿಸಿದ.

ಟಕ್ ಟಕ್ ಟಕ್ ಟಕ್.

ಅಷ್ಟೇ. ಎಂಜಿನ್ ಒಂದು ಸುತ್ತೂ ತಿರುಗಲಿಲ್ಲ. ಮತ್ತೊಮ್ಮೆ ತಿರುಗಿಸಿದ. ಮತ್ತದೇ ಟಕ್ ಟಕ್ ಟಕ್, ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ.

ಕಾರು ನಿಂತಲ್ಲಿ ವೈದ್ಯರಿಗೆ ಬರವಿಲ್ಲ. ಕೊಡೆ ಹಿಡಿದ ಐದಾರು ಜನ ಸೇರಿದರು. “ಬ್ಯಾಟರಿ ಸತ್ತಿದೆ, ತೀರ್ಥಹಳ್ಳಿಯಿಂದ ಹೊಸದು ತರಿಸಿ” ಎಂದರು ಒಬ್ಬರು. ಹೋಗಿ ಬರಲು ಅರವತ್ತು ಕಿಲೋಮೀಟರ್, ಅದೂ ಈ ಮಳೆಯಲ್ಲಿ. “ಬ್ಯಾಟರಿ ಯಾಕೆ? ನಾಲ್ಕು ಜನ ತಳ್ಳೋಣ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಹೊತ್ತಿಕೊಳ್ಳುತ್ತದೆ, ಮುಂದೆ ಹೇಗೂ ಇಳಿಜಾರು” ಎಂದರು ಇನ್ನೊಬ್ಬರು. ಅಕ್ಕ ಒಳಗಿನಿಂದಲೇ, “ಬಸ್ಸಿಗೆ ಹೋಗೋಣವೇನೋ?” ಎಂದಳು. ಅವಳ ದನಿ ಕೇಳಿ ನನಗೆ ಸಂಕಟವಾಯಿತು.

ನೆಂಟರು ಫೋನ್ ಮಾಡಿ ವಾಹನಗಳ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆಸಿದರು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಸ್ಕೂಟರಿನಲ್ಲಿ ಬಂದ ಅವರು ಬಂದವರೇ ಬಾನೆಟ್ ತೆರೆಯಲಿಲ್ಲ. “ತಳ್ಳುವುದು ಬೇಡ” ಎಂದರು ಮೊದಲು. “ಏನು ಕೆಟ್ಟಿದೆ ಎಂದು ತಿಳಿಯದೆ ಘಟ್ಟ ಇಳಿಯಬಾರದು. ನಡುತಿರುವಿನಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕಿಗೆ ಬೆಂಬಲವಾಗಿರುವ ಬೂಸ್ಟರ್ ಕೂಡ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಕೈಕೊಡುತ್ತದೆ. ಆಮೇಲೆ ಎರಡೂ ಕಾಲಲ್ಲಿ ತುಳಿದರೂ ಸಾಲದು ಎನಿಸುತ್ತದೆ.” ತಳ್ಳಲು ಸೊಂಟ ಕಟ್ಟಿದ್ದವರು ಹಿಂದೆ ಸರಿದರು.

ಕಿವಿಯಿಂದ ರೋಗ ಹಿಡಿಯುವುದು

“ಕೀಲಿ ತಿರುಗಿಸಪ್ಪ, ನಾನು ಕೇಳಬೇಕು” ಎಂದು ಅವರು ಕೊಡೆ ಮಡಚಿ ನಿಂತರು. ಹುಡುಗ ತಿರುಗಿಸಿದ. ಟಕ್ ಟಕ್ ಟಕ್. ನನ್ನ ಮೊಮ್ಮಗಳು ಅವರ ಪಕ್ಕದಲ್ಲೇ ನಿಂತು, “ಏನು ಕೇಳಿಸಿತು?” ಎಂದು ಕೇಳಿಯೇಬಿಟ್ಟಳು. ಅವರು ಬೇಸರಿಸದೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಹೊರಡದ ಕಾರು ನಾಲ್ಕು ಬಗೆಯಲ್ಲಿ ಮಾತಾಡುತ್ತದೆ. ಕೀಲಿ ತಿರುಗಿಸಿದಾಗ ಏನೂ ಸದ್ದಿಲ್ಲ, ಡ್ಯಾಶ್‌ಬೋರ್ಡಿನ ದೀಪವೂ ಇಲ್ಲ ಎಂದರೆ ವಿದ್ಯುತ್ತು ಬ್ಯಾಟರಿಯಿಂದ ಹೊರಗೇ ಬರುತ್ತಿಲ್ಲ. ದೀಪಗಳೆಲ್ಲ ಝಗಝಗ ಉರಿಯುತ್ತಿವೆ, ಆದರೆ ಸದ್ದೇ ಇಲ್ಲ ಎಂದರೆ ಕೀಲಿಯ ಆಜ್ಞೆ ಸ್ಟಾರ್ಟರ್ ಮೋಟಾರಿಗೆ ತಲುಪುತ್ತಿಲ್ಲ. ಫ್ಯೂಸು, ರಿಲೇ, ಕೀಲಿಯ ಸ್ವಿಚ್ಚು, ಇವುಗಳನ್ನು ನೋಡಬೇಕು. ಎಂಜಿನ್ ಗರಗರ ಚೆನ್ನಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಎಂದರೆ ಬ್ಯಾಟರಿಯನ್ನು ಬೈಯಬೇಡಿ; ಇಂಧನ ಬರುತ್ತಿದೆಯೇ, ಕಿಡಿ ಹಾರುತ್ತಿದೆಯೇ ಎಂದು ಹುಡುಕಬೇಕು. ಮಲೆನಾಡಿನಲ್ಲಿ ಇಲಿ ಬಂದು ವೈರು ಕಡಿದಿರುವುದೂ ಉಂಟು.

ನಾಲ್ಕನೆಯದೇ ನಮ್ಮ ಟಕ್ ಟಕ್ ಟಕ್. ಸ್ಟಾರ್ಟರ್ ಮೋಟಾರಿನ ಜೊತೆ ಸೊಲೆನಾಯ್ಡ್ ಎಂಬ ದೊಡ್ಡ ಅಯಸ್ಕಾಂತದ ಸ್ವಿಚ್ಚಿದೆ. ಕೀಲಿ ತಿರುಗಿದೊಡನೆ ಅದು ಎಳೆದುಕೊಂಡು ಮೋಟಾರಿಗೆ ದಾರಿ ತೆರೆಯುತ್ತದೆ. ಮೋಟಾರು ವಿದ್ಯುತ್ತನ್ನು ಗಟಗಟ ಕುಡಿಯಲು ಹೋದಾಗ ಒತ್ತಡ ಕುಸಿದರೆ ಅಯಸ್ಕಾಂತದ ಹಿಡಿತ ಸಡಿಲುತ್ತದೆ, ದಾರಿ ಮುಚ್ಚುತ್ತದೆ. ಮುಚ್ಚಿದೊಡನೆ ಒತ್ತಡ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಈ ಜಗ್ಗಾಟದ ಸದ್ದೇ ಟಕ್ ಟಕ್ ಟಕ್. ವಿದ್ಯುತ್ತು ಇದೆ, ಆದರೆ ಸಾಲುತ್ತಿಲ್ಲ ಎಂಬುದು ಅದರ ಅರ್ಥ.

“ಹಾಗಾದರೆ ಬ್ಯಾಟರಿ ಹೋಗಿದೆ ಅಲ್ಲವೇ?” ಎಂದೆ ನಾನು.

“ಬ್ಯಾಟರಿಯೂ ಇರಬಹುದು, ದಾರಿಯೂ ಇರಬಹುದು” ಎಂದರು ಅವರು. “ಅಳೆಯದೆ ಹೇಳಬಾರದು.”

ಹನ್ನೆರಡು ವೋಲ್ಟಿನ ಡಬ್ಬಿ

ಈಗ ಬಾನೆಟ್ ತೆರೆಯಿತು. ಕಾರಿನ ಬ್ಯಾಟರಿಯನ್ನು ನಾವು 12 ವೋಲ್ಟಿನದು ಎನ್ನುತ್ತೇವೆ. ಅದರೊಳಗೆ ಆರು ಕೋಣೆಗಳಿವೆ. ಒಂದೊಂದರಲ್ಲೂ ಸೀಸದ ಫಲಕಗಳು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಒಂದು ಕೋಣೆ ಸುಮಾರು 2.1 ವೋಲ್ಟ್ ಕೊಡುತ್ತದೆ; ಆರೂ ಸೇರಿದರೆ 12.6. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಈ ಬಗೆಯ ಬ್ಯಾಟರಿಯನ್ನು ಮಾಡಿದ್ದು 1859ರಲ್ಲಿ. ಕಾರು ಹುಟ್ಟುವ ಮೊದಲೇ ಅದರ ಬ್ಯಾಟರಿ ಹುಟ್ಟಿತ್ತು!

ಹಿರಿಯರು ಜೇಬಿನಿಂದ ಮಲ್ಟಿಮೀಟರ್ ತೆಗೆದು ಬ್ಯಾಟರಿಯ ಎರಡು ಸೀಸದ ಕಂಬಗಳಿಗೆ ಅದರ ಎರಡು ಮುಳ್ಳುಗಳನ್ನು ಒತ್ತಿದರು. 12.5 ಎಂದು ತೋರಿಸಿತು. “ನೋಡು ಮಗು, 12.6 ಎಂದರೆ ಹೊಟ್ಟೆ ತುಂಬಿದೆ. 12.2ಕ್ಕೆ ಬಂದರೆ ಅರ್ಧ ಹೊಟ್ಟೆ. 12ಕ್ಕಿಂತ ಕೆಳಗೆ ಎಂದರೆ ಹಸಿವು. ಇವನಿಗೆ ಹಸಿವಿಲ್ಲ.”

ಆಮೇಲೆ ಹುಡುಗನಿಗೆ ಹೆಡ್‌ಲೈಟ್ ಹಾಕಲು ಹೇಳಿದರು. ಎದುರಿನ ಮಂಜಿನಲ್ಲಿ ದೀಪ ಚೆನ್ನಾಗಿಯೇ ಉರಿಯಿತು. “ಈಗ ಕೀಲಿ ತಿರುಗಿಸು.” ಟಕ್ ಎಂದೊಡನೆ ದೀಪ ಆರಿಯೇಹೋದಷ್ಟು ಮಂಕಾಯಿತು. ಆದರೆ ಅದೇ ಕ್ಷಣದಲ್ಲಿ ಸೀಸದ ಕಂಬಗಳ ಮೇಲಿದ್ದ ಮೀಟರು 12.3 ಎನ್ನುತ್ತಿತ್ತು.

ಮೊಮ್ಮಗಳು ಕಣ್ಣರಳಿಸಿದಳು. “ಬ್ಯಾಟರಿ ಹತ್ತಿರ ಅಷ್ಟೂ ಇದೆ. ದೀಪದ ಹತ್ತಿರ ಇಲ್ಲ. ಹಾಗಾದರೆ ನಡುವೆ ಎಲ್ಲಿ ಹೋಯಿತು?”

“ಅದೇ ಪ್ರಶ್ನೆ” ಎಂದು ಹಿರಿಯರು ನಕ್ಕರು. ಈಗ ಮೀಟರಿನ ಒಂದು ಮುಳ್ಳನ್ನು ಮೈನಸ್ ಕಂಬದ ಸೀಸಕ್ಕೂ, ಇನ್ನೊಂದನ್ನು ಅದೇ ಕಂಬವನ್ನು ಅಪ್ಪಿಕೊಂಡಿದ್ದ ಲೋಹದ ಹಿಡಿಕೆಗೂ ತಾಗಿಸಿದರು. ಎರಡಕ್ಕೂ ನಡುವೆ ಒಂದು ಕೂದಲೆಳೆಯ ಅಂತರವೂ ಕಾಣಿಸದು. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಹುಡುಗ ಕೀಲಿ ತಿರುಗಿಸಿದಾಗ ಮೀಟರು ಎಂಟರ ಹತ್ತಿರಕ್ಕೆ ಜಿಗಿಯಿತು. ಹನ್ನೆರಡರಲ್ಲಿ ಎಂಟು ವೋಲ್ಟನ್ನು ಆ ಕೂದಲೆಳೆಯ ಸಂದೇ ನುಂಗುತ್ತಿತ್ತು. ಸ್ಟಾರ್ಟರಿಗೆ ಉಳಿದದ್ದು ನಾಲ್ಕು.

ಹಿಡಿಕೆಯ ಮೇಲಿನ ರಬ್ಬರ್ ಟೋಪಿ ತೆಗೆದರೆ ಕಳ್ಳ ಸಿಕ್ಕಿಬಿದ್ದ. ಬೂದುಬಿಳಿ ಬಣ್ಣದ, ಅಲ್ಲಲ್ಲಿ ಹಸಿರು ನೀಲಿ ಮಿಶ್ರಿತ ಪುಡಿ, ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆಗಟ್ಟಿತ್ತು. ಬ್ಯಾಟರಿಯಿಂದ ಹೊರಬೀಳುವ ಆಮ್ಲದ ಆವಿ ಲೋಹದೊಡನೆ ಸೇರಿ ಹುಟ್ಟಿಸುವ ತುಕ್ಕು ಅದು. ತೇವದ ಗಾಳಿ ಅದಕ್ಕೆ ಕೈಗೂಡಿಸುತ್ತದೆ. ಆಗುಂಬೆಯ ಮಳೆಗಾಲಕ್ಕಿಂತ ತೇವದ ಗಾಳಿ ಇನ್ನೆಲ್ಲಿ ಸಿಕ್ಕೀತು?

ದಂಬೆಯ ಲೆಕ್ಕ

“ಆದರೆ ದೀಪ ಉರಿಯುತ್ತಿತ್ತಲ್ಲ? ದೀಪಕ್ಕೆ ಸಿಕ್ಕ ದಾರಿ ಮೋಟಾರಿಗೆ ಯಾಕೆ ಸಿಗಲಿಲ್ಲ?” ಮೊಮ್ಮಗಳ ಪ್ರಶ್ನೆ ನಿಂತಿರಲಿಲ್ಲ.

ಹಿರಿಯರು ಮನೆಯ ಹಿತ್ತಲಿನ ಕಡೆ ಕೈ ತೋರಿಸಿದರು. ಗುಡ್ಡದ ಒರತೆಯ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಮನೆಗೆ ಹರಿಸಿಕೊಳ್ಳುವುದು ಮಲೆನಾಡಿನ ಹಳೆಯ ಪದ್ಧತಿ. ದಂಬೆಯಲ್ಲಿ ಎಲೆ ಕಟ್ಟಿಕೊಂಡಿದೆ ಎನ್ನಿ. ಒಂದು ಚೊಂಬು ತುಂಬಲು ಅದು ಅಡ್ಡಿಯಲ್ಲ. ಎಲೆಗಳ ಸಂದಿಯಿಂದ ಸೋರುವ ನೀರೇ ಸಾಕು. ಆದರೆ ಒಮ್ಮೆಲೇ ಹಂಡೆ ತುಂಬಬೇಕೆಂದರೆ? ಗುಡ್ಡದಲ್ಲಿ ನೀರು ಎಷ್ಟಿದ್ದರೂ ಪ್ರಯೋಜನವಿಲ್ಲ.

ಲೆಕ್ಕದಲ್ಲಿ ಬೇಕಾದವರಿಗೆ ಲೆಕ್ಕವೂ ಇದೆ. ಎರಡು ಹೆಡ್‌ಲೈಟ್‌ಗಳು ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಬೇಕು. 150 ಎಂದು ಇಟ್ಟುಕೊಳ್ಳಿ. ಓಮ್ ನಿಯಮದಂತೆ ದಾರಿಯಲ್ಲಿ ಕಳೆದುಹೋಗುವ ವೋಲ್ಟು ಎಂದರೆ ಆಂಪಿಯರನ್ನು ಅಡ್ಡಿಯಿಂದ ಗುಣಿಸಿದ್ದು. ಅಡ್ಡಿ ಬರಿಯ 0.02 ಓಮ್ ಇದ್ದರೂ ದೀಪ ಕಳೆದುಕೊಳ್ಳುವುದು 0.2 ವೋಲ್ಟ್, ನಮಗೆ ಗೊತ್ತೇ ಆಗುವುದಿಲ್ಲ. ಮೋಟಾರು ಕಳೆದುಕೊಳ್ಳುವುದು 3 ವೋಲ್ಟ್! ನಮ್ಮ ಕಾರಿನ ಅಡ್ಡಿ ಅದಕ್ಕಿಂತಲೂ ಹೆಚ್ಚಾಗಿತ್ತು.

ಈ ಲೆಕ್ಕ ತಿಳಿಯದೆ ಹೊಸ ಬ್ಯಾಟರಿ ತರಿಸಿ, ಅದೇ ಕೊಳೆಯಾದ ಹಿಡಿಕೆಯನ್ನು ಸಿಕ್ಕಿಸಿದ್ದರೆ ಸಾವಿರಾರು ರೂಪಾಯಿಯೂ ಹೋಗುತ್ತಿತ್ತು, ಹನ್ನೊಂದು ಗಂಟೆಯೂ ಹೋಗುತ್ತಿತ್ತು.

ಅಡುಗೆ ಮನೆಯ ಔಷಧ

ಮುಂದಿನದು ಇಪ್ಪತ್ತು ನಿಮಿಷದ ಕೆಲಸ. ಹಿರಿಯರು ಮೊದಲು ಮೈನಸ್ ಹಿಡಿಕೆಯನ್ನು ಬಿಚ್ಚಿದರು, ಆಮೇಲೆ ಪ್ಲಸ್. ಕ್ರಮ ಇದೇ ಇರಬೇಕು. ಕಾರಿನ ಇಡೀ ಕಬ್ಬಿಣದ ಮೈ ಮೈನಸ್ಸಿಗೆ ಸೇರಿಕೊಂಡಿರುತ್ತದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಭಾರಿ ಕಿಡಿ ಹಾರುತ್ತದೆ. ಬ್ಯಾಟರಿಯ ಸುತ್ತ ಜಲಜನಕ ಅನಿಲ ಇರಬಹುದಾದ್ದರಿಂದ ಕಿಡಿ ಬಹಳ ಅಪಾಯ.

ಒಳಗಿನಿಂದ ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಬಂತು. ಸೋಡಾ ನೀರು ಸುರಿದೊಡನೆ ಆ ಪುಡಿ ಬುಸುಬುಸು ನೊರೆ ಉಕ್ಕಿಸಿತು. ಆಮ್ಲಕ್ಕೆ ಕ್ಷಾರ ಸೇರಿದರೆ ಆಗುವುದೇ ಅದು. ಮೊಮ್ಮಗಳ ವಿಜ್ಞಾನದ ಪುಸ್ತಕದ ಒಂದು ಪುಟ ಕಣ್ಣೆದುರೇ ನಡೆಯಿತು. ಕಂಬವನ್ನೂ ಹಿಡಿಕೆಯ ಒಳಮೈಯನ್ನೂ ಸೀಸ ಹೊಳೆಯುವ ತನಕ ಉಜ್ಜಿ, ಒರೆಸಿ ಒಣಗಿಸಿ, ಈಗ ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದರು.

ಕೆಲಸ ಮಾಡುತ್ತ ಅವರು ಅಂಬಾಸಿಡರ್ ಕಾಲದ ಮಾತು ತೆಗೆದರು. ಆಗ ಡಿಕ್ಕಿಯಲ್ಲಿ ಬಾಗಿದ ಕಬ್ಬಿಣದ ಹ್ಯಾಂಡಲ್ ಇರುತ್ತಿತ್ತು. ಬ್ಯಾಟರಿ ಕೈಕೊಟ್ಟರೆ ಕಾರಿನ ಮೂತಿಗೆ ಅದನ್ನು ಚುಚ್ಚಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಕೆಲವೊಮ್ಮೆ ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು ಮುರಿಯುತ್ತಿದ್ದುದೂ ಉಂಟು. ಹಳೆಯ ಕಾಲದಲ್ಲಿ ಎಲ್ಲ ಕಾರುಗಳನ್ನೂ ಹೀಗೆಯೇ ಎಬ್ಬಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ಮೆಲ್ಲಗೆ ಮರೆಯಾಯಿತು. ಅಕ್ಕ ಹಿಂದಿನ ಸೀಟಿನಿಂದ, “ಅಪ್ಪಯ್ಯ ಹ್ಯಾಂಡಲ್ ಹಾಕುವಾಗ ನಾವು ದೂರ ಓಡುತ್ತಿದ್ದೆವು” ಎಂದಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

“ಈಗ ತಿರುಗಿಸು.”

ಒಂದೇ ಸಲಕ್ಕೆ ಎಂಜಿನ್ ಗುರ್ ಎಂದಿತು. ಹಿರಿಯರು ಆಗಲೂ ಬಾನೆಟ್ ಮುಚ್ಚಲಿಲ್ಲ. ಓಡುತ್ತಿರುವ ಎಂಜಿನ್ನಿನಲ್ಲಿ ಮತ್ತೆ ಮೀಟರ್ ಹಿಡಿದರು. 14.1 ತೋರಿಸಿತು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಗೆ ವಿದ್ಯುತ್ತನ್ನು ಮರಳಿ ತುಂಬುತ್ತದೆ, 13.8ರಿಂದ 14.4ರ ತನಕ ಇದ್ದರೆ ಅದು ಆರೋಗ್ಯ. “ಇನ್ನು ಧೈರ್ಯವಾಗಿ ಇಳಿಯಿರಿ” ಎಂದರು. ನಾನು ಕೊಟ್ಟ ಹಣದಲ್ಲಿ ಅರ್ಧ ಹಿಂದಿರುಗಿಸಿ, “ಸೋಡಾ ನಿಮ್ಮದೇ ಅಲ್ಲವೇ?” ಎಂದು ಸ್ಕೂಟರ್ ಏರಿದರು.

ಘಟ್ಟದ ಕೆಳಗೆ

ಒಂಬತ್ತಕ್ಕೆ ಮೊದಲೇ ಹೊರಟೆವು. ಬೇಸಿಗೆಯ ಸಂಜೆ ಜನ ಸೂರ್ಯಾಸ್ತ ನೋಡಲು ಸೇರುವ ಕಟ್ಟೆಯ ಆಚೆ ಬಿಳಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಒಂದೊಂದು ತಿರುವಿನಲ್ಲೂ ಬಂಡೆಯಿಂದ ನೀರು ಧುಮುಕುತ್ತಿತ್ತು. ಮೊಮ್ಮಗಳು ತಿರುವುಗಳನ್ನು ಜೋರಾಗಿ ಎಣಿಸಿದಳು. ಅಕ್ಕ ಕಿಟಕಿಗೆ ಮುಖ ಒತ್ತಿ, “ಎಲ್ಲ ಹಸಿರು ಹಸಿರು ಅಂತ ಮಾತ್ರ ಕಾಣುತ್ತದೆ” ಎಂದಳು. ಸೋಮೇಶ್ವರ ತಲುಪುವಾಗ ಮಳೆ ತೆಳುವಾಯಿತು, ಸೆಖೆ ಶುರುವಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಹನ್ನೊಂದಕ್ಕೆ ಹದಿನೈದು ನಿಮಿಷ ಇತ್ತು.

ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅಕ್ಕ ಮೊದಲು ನೋಡಿದ್ದು ಮೊಮ್ಮಗಳ ಕೈಯನ್ನು. “ಏನೇ ಇದು, ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು!” ಎಂದು ಗದರಿದಳು. ಆ ಗದರಿಕೆಗಿಂತ ಸಿಹಿ ಮಾತನ್ನು ನಾನು ಆ ವರ್ಷ ಕೇಳಲಿಲ್ಲ.

ನಿಮ್ಮ ಮನೆಯ ಕಾರಿಗೆ

ಮಕ್ಕಳೇ, ಬ್ಯಾಟರಿಯನ್ನು ಮುಟ್ಟುವ ಕೆಲಸ ದೊಡ್ಡವರದು. ಅದರ ಆಮ್ಲ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಆದರೆ ಕೇಳುವ ಕೆಲಸ, ನೋಡುವ ಕೆಲಸ ನಿಮ್ಮದಾಗಬಹುದು. ಕಾರು ಹೊರಡದಿದ್ದರೆ ಮೊದಲು ಸದ್ದು ಕೇಳಿ. ಟಕ್ ಟಕ್ ಟಕ್ಕೋ, ಒಂದೇ ಟಕ್ಕೋ, ಗರಗರವೋ, ಮೌನವೋ? ಆಮೇಲೆ ದೀಪ ಹಾಕಿ ಕೀಲಿ ತಿರುಗಿಸಲು ಹೇಳಿ, ದೀಪ ಏನಾಗುತ್ತದೆ ನೋಡಿ. ಇಷ್ಟನ್ನು ಫೋನಿನಲ್ಲಿ ಹೇಳಿದರೂ ಮೆಕ್ಯಾನಿಕ್ ಸರಿಯಾದ ಸಾಮಾನು ಹಿಡಿದು ಬರುತ್ತಾರೆ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಮಳೆಗಾಲಕ್ಕೆ ಮುಂಚೆ ಒಮ್ಮೆ ಬ್ಯಾಟರಿಯ ಹಿಡಿಕೆಗಳನ್ನು ತೊಳೆಸಿ, ಬಿಗಿ ಮಾಡಿಸಿ. ಇನ್ನೊಂದು ಕಾರಿನಿಂದ ಕೇಬಲ್ ಹಾಕಿ ಎಬ್ಬಿಸುವಾಗ ಕೊನೆಯ ಕಪ್ಪು ಹಿಡಿಕೆಯನ್ನು ನಿಂತ ಕಾರಿನ ಬ್ಯಾಟರಿಗೆ ಸಿಕ್ಕಿಸದೆ, ಅದರಿಂದ ದೂರವಿರುವ ಎಂಜಿನ್ನಿನ ಬರಿ ಲೋಹಕ್ಕೆ ಸಿಕ್ಕಿಸಲು ಹೇಳಿ. ಕಿಡಿ ಹಾರಿದರೂ ಬ್ಯಾಟರಿಯಿಂದ ದೂರ ಹಾರಲಿ. ಓಡುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರದ ಕೆಂಪು ದೀಪ ಹೊತ್ತಿದರೆ ಆಲ್ಟರ್ನೇಟರ್ ದುಡಿಯುತ್ತಿಲ್ಲ ಎಂದು ತಿಳಿದು, ಘಟ್ಟ ಇಳಿಯುವ ಮೊದಲೇ ತೋರಿಸಿ.

ಮತ್ತು ಆ ಬಾಗಿದ ಹ್ಯಾಂಡಲ್ ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಇದ್ದರೆ ಕೆಳಗಿಳಿಸಿ ಮೊಮ್ಮಕ್ಕಳ ಕೈಗೆ ಕೊಡಿ. ಅದರ ಭಾರ ಅವರಿಗೂ ಗೊತ್ತಾಗಲಿ.